ದಿನವಿಡೀ ಎಕ್ಸಾಸ್ಟ್ ಫ್ಯಾನ್ ಓಡಿದರೂ ಬೂಷ್ಟು ಹೋಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್ ನಮ್ಮದು. ಮಳೆಗಾಲ ಶುರುವಾಯಿತೆಂದರೆ ಮಲಗುವ ಕೋಣೆಗೆ ತಾಗಿದ ಬಾತ್‌ರೂಮಿನ ಚಾವಣಿ ತುಂಬ ಕಪ್ಪು ಚುಕ್ಕೆ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು. ರೇಷ್ಮೆ ಸೀರೆಗಳಿಗೂ ಮುಗ್ಗಲು ವಾಸನೆ. ಹೊಸ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಬಾತ್‌ರೂಮಿನ ಬಾಗಿಲು ತೆರೆದಿಟ್ಟು ಬೆಳಗಿನಿಂದ ರಾತ್ರಿವರೆಗೆ ಓಡಿಸುತ್ತಿದ್ದೇವೆ. ಇನ್ನೂ ದೊಡ್ಡ ಫ್ಯಾನ್ ಬೇಕೇ?

ಉತ್ತರ: ಬೇಡ. ಈಗಿರುವ ಫ್ಯಾನನ್ನೇ ಕಡಿಮೆ ಹೊತ್ತು ಓಡಿಸಿ.

ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಒಣಗಿಸುವುದಿಲ್ಲ, ಹೊರಗೆ ನೂಕುತ್ತದೆ. ನೂಕಿದಷ್ಟೇ ಗಾಳಿ ಬಾಲ್ಕನಿ ಬಾಗಿಲಿಂದಲೋ ಕಿಟಕಿಯ ಸಂದಿಯಿಂದಲೋ ಒಳಗೆ ಬಂದೇ ಬರುತ್ತದೆ. ಜುಲೈನಲ್ಲಿ ಕರಾವಳಿಯ ಹೊರಗಾಳಿಯ ತೇವಾಂಶ ಶೇ 90ರ ಆಸುಪಾಸು. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದುಕೊಂಡೀತು. ನಿಮ್ಮ ಮನೆಗೆ ಬರುವ ಗಾಳಿಯಲ್ಲಿ ಆಗಲೇ 20 ಗ್ರಾಂ ಇದೆ. 6 ಇಂಚಿನ ಫ್ಯಾನ್ ಗಂಟೆಗೆ 200 ಘನ ಮೀಟರ್ ಎಳೆಯಿತು ಎಂದುಕೊಳ್ಳಿ. ಗಂಟೆಗೆ ನಾಲ್ಕು ಲೀಟರ್ ನೀರು ಆವಿಯಾಗಿ ನಿಮ್ಮ ಮಲಗುವ ಕೋಣೆಯನ್ನು ಹಾದು ಹೋಗುತ್ತಿದೆ! ಅದರಲ್ಲಿ ಒಂದಷ್ಟನ್ನು ಹಾಸಿಗೆ, ಮರ, ಸೀರೆ ಹೀರಿಕೊಳ್ಳುತ್ತವೆ.

ಸ್ನಾನದ ಹೊತ್ತಿನ ಲೆಕ್ಕ ಬೇರೆ. ಬಿಸಿನೀರು ಮಿಂದ ಬಾತ್‌ರೂಮಿನಲ್ಲಿ 35 ಡಿಗ್ರಿಯ ಗಾಳಿ ಘನ ಮೀಟರಿಗೆ 40 ಗ್ರಾಂವರೆಗೂ ಆವಿ ಹೊತ್ತಿರುತ್ತದೆ. ಅದನ್ನು ತೆಗೆದು 20 ಗ್ರಾಮಿನ ಗಾಳಿ ತಂದರೆ ಮಳೆಗಾಲದಲ್ಲೂ ಲಾಭವೇ. ಹಾಗಾಗಿ ಮೊದಲ ಚೊಂಬು ನೀರು ಹೊಯ್ದುಕೊಳ್ಳುವ ಮುಂಚೆಯೇ ಫ್ಯಾನ್ ಹಾಕಿ, ಸ್ನಾನ ಮುಗಿದ ಮೇಲೆ ಇನ್ನೂ 20 ನಿಮಿಷ ಬಿಡಿ, ಬಾಗಿಲು ಮುಚ್ಚಿರಲಿ. ತೆರೆದಿಟ್ಟರೆ ಹಬೆ ಕೋಣೆಗೆ ಹರಡುತ್ತದೆ. ಆದರೆ ಬಾಗಿಲ ಕೆಳಗೆ ಒಂದು ಬೆರಳು ದಪ್ಪದ ಸಂದಿ ಬೇಕೇ ಬೇಕು. ಗಾಳಿ ಒಳಗೆ ಬರದೆ ಫ್ಯಾನ್ ಏನನ್ನೂ ಹೊರಗೆ ಹಾಕಲಾರದು. ಎಷ್ಟೋ ಮನೆಗಳಲ್ಲಿ ಬಾಗಿಲು ನೆಲಕ್ಕೆ ಒತ್ತಿಕೊಂಡಿರುತ್ತದೆ, ಫ್ಯಾನ್ ಸುಮ್ಮನೆ ಗೊರಗೊರ ಎನ್ನುತ್ತಿರುತ್ತದೆ.

ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಬಾಗಿಲು ಮುಚ್ಚಿ, ಸಂದಿಯ ಬಳಿ ಹಿಡಿಯಿರಿ. ಹೊಗೆ ಬಾತ್‌ರೂಮಿನೊಳಕ್ಕೆ ಬಾಗಬೇಕು. ಬಾಗದಿದ್ದರೆ ಫ್ಯಾನಿನ ಹಿಂದಿನ ಮುಚ್ಚಳ ಧೂಳು ಹಿಡಿದು ಅಂಟಿದೆಯೇ ನೋಡಿಸಿ. ಫ್ಯಾನ್ ಡಕ್ಟಿಗೆ ತೆರೆದುಕೊಂಡಿದ್ದರೆ, ಆ ಡಕ್ಟಿನ ಮೇಲ್ಭಾಗವನ್ನು ಯಾರಾದರೂ ಶೀಟು ಹಾಕಿ ಮುಚ್ಚಿದ್ದಾರೆಯೇ ಎಂದೂ ವಿಚಾರಿಸಿ.

ಫ್ಯಾನಿಗಿಂತ ಅಗ್ಗದ ಉಪಾಯ ವೈಪರ್. ಸ್ನಾನವಾದ ಕೂಡಲೇ ಗೋಡೆ, ನೆಲದ ನೀರನ್ನು ಎಳೆದುಬಿಡಿ. ಚರಂಡಿಗೆ ಹೋದ ನೀರು ಆವಿಯಾಗುವ ಮಾತಿಲ್ಲ. ನಮ್ಮ ಹಳೆಯ ಹಂಚಿನ ಮನೆಗಳ ಬಚ್ಚಲಿನಲ್ಲಿ ಹಂಡೆ ಒಲೆಯ ಶಾಖವಿತ್ತು, ಹಂಚಿನ ಸಂದಿಯಲ್ಲಿ ಹಬೆ ತಾನೇ ಹೋಗುತ್ತಿತ್ತು. ಕಾಂಕ್ರೀಟ್ ಚಾವಣಿಗೆ ಆ ಅನುಕೂಲವಿಲ್ಲ.

ಕಪಾಟಿನ ಹಿಂದಿನ ಬೂಷ್ಟಿನ ಕಥೆಯೇ ಬೇರೆ ಇರಬಹುದು. ಅದು ಪಡುವಣ ಗೋಡೆಯೇ? ಹಾಗಿದ್ದರೆ ಮಳೆ ನೇರವಾಗಿ ಹೊಡೆಯುವುದು ಅದಕ್ಕೇ. ಕಪಾಟು ಸರಿಸಿ, ಒಂದು ಅಡಿ ಅಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರಿನ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ; ಹೊರಗೋಡೆಯ ಬಿರುಕು ಮುಚ್ಚಿಸಬೇಕೇ ಹೊರತು ಯಾವ ಫ್ಯಾನೂ ಕೆಲಸಕ್ಕೆ ಬಾರದು. ಹನಿ ಕೋಣೆಯ ಕಡೆಯಿದ್ದರೆ ಅದು ಕೋಣೆಯ ತೇವ. ಆಗ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಕೋಣೆಯಲ್ಲಿ ಬಟ್ಟೆ ಒಣಹಾಕುವುದು ನಿಲ್ಲಿಸಿ, ಎಸಿ ಇದ್ದರೆ ಕಿಟಕಿ ಮುಚ್ಚಿ ಡ್ರೈ ಮೋಡಿನಲ್ಲಿ ಓಡಿಸಿ. ಗಾಳಿಯಿಂದ ನೀರು ತೆಗೆಯುವ ಯಂತ್ರ ಅದು. ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಪ್ರಶ್ನೆ: ಹಾಸನದಲ್ಲಿದ್ದೇವೆ. ನಮ್ಮ ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಇದೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಹಬೆಯೂ ಹೋಗುತ್ತದೆ, ಅಪಾಯವೂ ಇರುವುದಿಲ್ಲ ಅಲ್ಲವೇ?

ಉತ್ತರ: ದಯವಿಟ್ಟು ಹಾಗೆ ನಂಬಬೇಡಿ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ, ಗೋಡೆ ಒದ್ದೆಯಾಗಲು ಅದೂ ಒಂದು ಕಾರಣ. ನನ್ನ ಚಿಂತೆ ಅದಲ್ಲ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದರೆ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೀಸರಿಗೆ ಹೊಗೆ ಕೊಳವೆ ಇದ್ದರೂ, ಗಾಳಿ ಒಳಬರಲು ದಾರಿಯಿಲ್ಲದ ಕಡೆ ಎಕ್ಸಾಸ್ಟ್ ಫ್ಯಾನ್ ಆ ಕೊಳವೆಯ ಹೊಗೆಯನ್ನೇ ವಾಪಸು ಒಳಗೆಳೆಯಬಹುದು. ಗೀಸರನ್ನು ಬಾಲ್ಕನಿಗೋ ತೆರೆದ ಯುಟಿಲಿಟಿಗೋ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಒಳಗಿದ್ದಾಗ ತಲೆಸುತ್ತು, ವಾಕರಿಕೆ ಬಂದರೆ ಮೈ ಒರೆಸಿಕೊಳ್ಳಲೂ ನಿಲ್ಲದೆ ಹೊರಗೆ ಬನ್ನಿ.