ಸ್ಕ್ಯಾನ್ ನಾರ್ಮಲ್ ಅಂತಾರೆ, ಕಿಬ್ಬೊಟ್ಟೆ ನೋವು ಮಾತ್ರ ಹೋಗ್ತಿಲ್ಲ

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿ ಬರೀತಿದೀನಿ. ಮೂವತ್ತು ದಾಟಿದ ಹೆಂಗಸು, ಮೂರು ಮಕ್ಕಳ ತಾಯಿ. ಸಲಹೆ ಕೇಳಿ ನನ್ನ ಹತ್ರ ಬಂದಿದ್ದು ನೋವಿಗೆ ಅಂತಲ್ಲ, ಗಂಡ ಹೆಂಡ್ತಿ ಮಧ್ಯೆ ಮಾತೇ ಕಮ್ಮಿ ಆಗಿದೆ ಅಂತ. ಕೇಳ್ತಾ ಕೇಳ್ತಾ ಗೊತ್ತಾಯ್ತು, ಕೊನೇ ಹೆರಿಗೆ ಆದಾಗಿಂದ ಕಿಬ್ಬೊಟ್ಟೇಲಿ ಜಗ್ಗಿದ ಹಾಗೆ ನೋವು, ಬೆಳಿಗ್ಗೆ ಪರವಾಗಿಲ್ಲ, ನಿಂತು ಕೆಲಸ ಮಾಡಿ ಮಾಡಿ ಸಂಜೆ ಹೊತ್ತಿಗೆ ತಡ್ಕೊಳಕ್ಕಾಗಲ್ಲ, ಮಲಗಿದ್ರೆ ಇಳಿಯತ್ತೆ, ಮುಟ್ಟಿನ ಮುಂಚೆ ಜಾಸ್ತಿ, ಗಂಡನ ಜೊತೆ ಸೇರಿದ ಮೇಲೆ ಗಂಟೆಗಟ್ಲೆ ನೋವು. ಅದಕ್ಕೆ ಹತ್ರ ಹೋಗೋದೇ ಬಿಟ್ಟಿದ್ರು, ಗಂಡ ಅದನ್ನ ತನ್ನ ಮೇಲಿನ ಬೇಸರ ಅಂದ್ಕೊಂಡಿದ್ರು. ಸ್ಕ್ಯಾನ್ ನಾರ್ಮಲ್ ಬಂದಿದ್ದಕ್ಕೆ ಮನೇಲಿ ಎಲ್ರೂ "ಟೆನ್ಷನ್ನಿಂದ ಕಣೇ" ಅಂತ ಹೇಳಿ ಹೇಳಿ ಇವರಿಗೂ ತನ್ನ ಮೇಲೇ ಅನುಮಾನ.

ನಾನು ಮೊದಲು ಹೇಳಿದ್ದು, ನಿಮ್ಮ ನೋವು ನಿಜ, ನೀವು ಕಟ್ಟಿ ಹೇಳ್ತಿಲ್ಲ ಅಂತ. ಅಷ್ಟಕ್ಕೇ ಅತ್ತುಬಿಟ್ರು.

ಕಾಲಲ್ಲಿ ವೆರಿಕೋಸ್ ವೇನ್ಸ್, ಅಂದ್ರೆ ರಕ್ತನಾಳ ಉಬ್ಬಿ ಸುತ್ತಿಕೊಳ್ಳೋದು, ಆಗೋ ಹಾಗೇ ಹೊಟ್ಟೆ ಕೆಳಭಾಗದಲ್ಲೂ ಆಗತ್ತೆ, ಇದನ್ನ ಪೆಲ್ವಿಕ್ ಕಂಜೆಷನ್ ಅಂತಾರೆ. ಅಂಡಾಶಯದಿಂದ ಮೇಲಕ್ಕೆ ರಕ್ತ ಒಯ್ಯೋ ರಕ್ತನಾಳದೊಳಗಿನ ವಾಲ್ವ್ ಸರಿಯಾಗಿ ಮುಚ್ಚದೇ ಹೋದ್ರೆ ರಕ್ತ ವಾಪಸ್ ಇಳಿದು ಗರ್ಭಕೋಶದ ಸುತ್ತ ನಿಂತ್ಕೊಳತ್ತೆ. ಬಸುರಿಯಲ್ಲಿ ಈ ನಾಳಗಳು ತುಂಬಾ ಹಿಗ್ಗೋದ್ರಿಂದ ಎರಡು ಮೂರು ಹೆರಿಗೆ ಆದವರಲ್ಲಿ ಜಾಸ್ತಿ, ಅದ್ರಲ್ಲೂ ಎಡಗಡೆ. ಕೆಲವರಿಗೆ ಯೋನಿಯ ಹೊರಭಾಗ, ತೊಡೆಯ ಒಳಭಾಗ, ಪೃಷ್ಠದ ಮೇಲೂ ರಕ್ತನಾಳ ಉಬ್ಬಿರತ್ತೆ. ಇವರಿಗೂ ಇತ್ತು, ನಾಚಿಕೆಗೆ ಯಾವ ಡಾಕ್ಟರಿಗೂ ಹೇಳಿರ್ಲಿಲ್ಲ.

ಇಲ್ಲಿ ಒಂದು ವಿಷಯ ಎಲ್ರೂ ತಿಳ್ಕೊಬೇಕು, ಮಲಗಿಸಿ ಮಾಡೋ ಮಾಮೂಲಿ ಸ್ಕ್ಯಾನಲ್ಲಿ ಇದು ತಪ್ಪಿಹೋಗಬಹುದು, ಯಾಕಂದ್ರೆ ಮಲಗಿದಾಗ ತುಂಬಿದ್ದ ನಾಳ ಇಳಿದುಬಿಡತ್ತೆ. ಡಾಪ್ಲರ್, ಅಂದ್ರೆ ರಕ್ತ ಹರಿಯೋದನ್ನ ತೋರಿಸೋ ಸ್ಕ್ಯಾನ್ ಮಾಡ್ತಾ, ನಿಲ್ಲಿಸಿ ಇಲ್ಲಾ ಉಸಿರು ಕಟ್ಟಿ ತಿಣುಕೋಕೆ ಹೇಳಿ ನೋಡಿದ್ರೆ ವಾಪಸ್ ಹರಿಯೋದು ಕಾಣತ್ತೆ. ಹಾಗಂತ ನಾಳ ಹಿಗ್ಗಿದ್ದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅನ್ನಕ್ಕಾಗಲ್ಲ, ನೋವೇ ಇಲ್ದವರಲ್ಲೂ ಹಿಗ್ಗಿರತ್ತೆ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ತೊಂದ್ರೆ), ಮೂತ್ರಕೋಶ, ಕರುಳು ಇವನ್ನೂ ಡಾಕ್ಟರ್ ನೋಡ್ಬೇಕು.

ಹಾಗಾಗಿ ನಾನು ಕೊಟ್ಟ ಸಲಹೆ: ನೋವು ಯಾವ ಹೊತ್ತಿಗೆ, ಏನ್ ಮಾಡಿದ್ಮೇಲೆ ಬರತ್ತೆ, ಮಲಗಿದ್ರೆ ಎಷ್ಟು ಇಳಿಯತ್ತೆ ಅಂತ ಒಂದೆರಡು ಮುಟ್ಟಿನ ಚಕ್ರ ಬರೆದಿಡಿ, ಆ ಚೀಟಿ ಸ್ತ್ರೀರೋಗ ತಜ್ಞರ ಕೈಗೆ ಕೊಡಿ, ಬಾಯಲ್ಲಿ ಹೇಳೋಕೆ ಮುಜುಗರ ಆದ್ರೂ ಚೀಟಿ ಹೇಳತ್ತೆ, ಉಬ್ಬಿದ ರಕ್ತನಾಳ ತೋರಿಸ್ಲೇಬೇಕು. ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ ಅಂದೆ, ಬಂದ್ರು. "ನನ್ ಮೇಲೆ ಕೋಪ ಅಂದ್ಕೊಂಡಿದ್ದೆ" ಅಂದ್ರು ಆತ. ನೋವು ಹತೋಟಿಗೆ ಬರೋವರೆಗೂ ಒತ್ತಾಯ ಬೇಡ, ಜೊತೆಗೆ ಕೂತು ಮಾತಾಡೋದು, ಸಂಜೆ ಕೆಲಸ ಹಂಚ್ಕೊಳೋದು, ಇವು ನಿಲ್ಲಬಾರದು ಅಂತ ಇಬ್ಬರಿಗೂ ಹೇಳ್ದೆ.

ಪರೀಕ್ಷೇಲಿ ಎಡ ಅಂಡಾಶಯದ ನಾಳದ್ದೇ ತೊಂದ್ರೆ ಅಂತ ಬಂತು. ಈಗ ಹಾರ್ಮೋನ್ ಮಾತ್ರೆ ಕೊಟ್ಟು ನೋಡ್ತಿದಾರೆ, ಸಾಲದಿದ್ರೆ ಎಂಬಾಲೈಸೇಷನ್, ಅಂದ್ರೆ ಸಣ್ಣ ಕೊಳವೆ ತೂರಿಸಿ ಕೆಟ್ಟ ನಾಳವನ್ನ ಒಳಗಿಂದಲೇ ಮುಚ್ಚೋದು, ಹೊಟ್ಟೆ ಕುಯ್ಯಬೇಕಿಲ್ಲ. ಎಲ್ರಿಗೂ ಪೂರ್ತಿ ಹೋಗತ್ತೆ ಅನ್ನಕ್ಕಾಗಲ್ಲ, ತುಂಬಾ ಜನಕ್ಕೆ ಕಮ್ಮಿ ಆಗತ್ತೆ. ಇದರ ಮಧ್ಯೆ ಇದ್ದಕ್ಕಿದ್ದ ಹಾಗೆ ವಿಪರೀತ ನೋವು, ಜ್ವರ, ತುಂಬಾ ರಕ್ತಸ್ರಾವ, ಒಂದೇ ಕಾಲು ಊದ್ಕೊಳೋದು ಆದ್ರೆ ಅಪಾಯಿಂಟ್‌ಮೆಂಟ್ ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಿ ಅಂತ ಬರೆದುಕೊಟ್ಟಿದೀನಿ.