ಕಣದ ಶೆಡ್ಡಿನಲ್ಲಿ ನಿಂತ ಯೆಜ್ಡಿ

ಪ್ರಶ್ನೆ: ಅಜ್ಜನ ಹಳೆಯ ಯೆಜ್ಡಿ 250 ಬೈಕು ನಾಲ್ಕು ಮಳೆಗಾಲ ಕಾಫಿ ಕಣದ ಶೆಡ್ಡಿನಲ್ಲೇ ನಿಂತು, ಈಗ ಕಿಕ್ಕರ್ ಅಲುಗಾಡುತ್ತಿಲ್ಲ. ಎಂಜಿನನ್ನು ಮನೆಯಲ್ಲೇ ಬಿಚ್ಚಿ, ಘಾಟಿ ಏರಲು ಬಲ ಹೆಚ್ಚಲೆಂದು ಹೆಡ್ಡನ್ನೂ (ಸಿಲಿಂಡರಿನ ಮೇಲ್ಮುಚ್ಚಳ) ತುಸು ಸವೆಸಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಧಾರಾಳವಾಗಿ ಬಿಚ್ಚಿ, ಕಿಕ್ಕರನ್ನು ಮಾತ್ರ ಬಲವಂತವಾಗಿ ತುಳಿಯಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು, ಸಿಲಿಂಡರಿಗೆ ಡೀಸೆಲ್ ಬೆರೆಸಿದ ಆಯಿಲ್ ಸುರಿದು ಎರಡು ದಿನ ಬಿಟ್ಟರೆ, ತುಕ್ಕಿಗೆ ಕಚ್ಚಿಕೊಂಡ ಪಿಸ್ಟನ್ ಅನೇಕ ಸಲ ತಾನಾಗಿ ಸಡಿಲುತ್ತದೆ. ಇದರಂಥ ಟೂ ಸ್ಟ್ರೋಕ್ ಎಂಜಿನಿನಲ್ಲಿ ಪಿಸ್ಟನ್ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸೇ ಪಂಪಿನಂತೆ ದುಡಿಯುವುದರಿಂದ, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಬದಿಯ ಆಯಿಲ್ ಸೀಲುಗಳನ್ನು, ಅವು ನೋಡಲು ಎಷ್ಟೇ ಚೆನ್ನಾಗಿದ್ದರೂ, ಬದಲಿಸಲೇಬೇಕು: ಕ್ಲಚ್ ಬದಿಯದು ಸೋತರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ, ಡೈನಮೋ ಬದಿಯದು ಸೋತರೆ ಹೊರಗಾಳಿ ನುಗ್ಗಿ, ಪೆಟ್ರೋಲ್ ಸಾಲದೆ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ನಮ್ಮ ಮಳೆಯ ತೇವಕ್ಕೆ ಕ್ರ್ಯಾಂಕ್ ಬೇರಿಂಗುಗಳು ತುಕ್ಕು ಹಿಡಿದಿರುವುದೂ ಸಾಮಾನ್ಯ; ಬೆರಳಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಸದ್ದಾದರೆ ಎಸೆದುಬಿಡಿ.

ಹೆಡ್ ಸವೆಸುವುದನ್ನು ನಾನು ಒಪ್ಪುವುದಿಲ್ಲ. ಹೆಡ್ ಸವೆದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಏರುತ್ತದೆ; ಅದು ಏರಿದಂತೆ ಶಾಖವೂ ಏರುತ್ತದೆ, ಅದೂ ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ ಘಾಟಿಯಲ್ಲಿ ನಿಧಾನವಾಗಿ ಏರುವಾಗ. ಬದಲಿಗೆ ಹಿಂಚಕ್ರದ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲುಗಾಲಿ) ಒಂದೆರಡು ಹಲ್ಲು ಹೆಚ್ಚಿಸಿಕೊಳ್ಳಿ, ಏರಿಗೆ ಎಳೆತ ಹೆಚ್ಚುತ್ತದೆ. ಬೋರಿಂಗ್, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಯುವುದು, ಮಾತ್ರ ಮನೆಯ ಕೆಲಸವಲ್ಲ. ಈ ಬೈಕುಗಳು ಹುಟ್ಟಿದ ಮೈಸೂರಿಗೇ ಸಿಲಿಂಡರನ್ನು ಒಯ್ಯಿರಿ, ಹೊಸ ಪಿಸ್ಟನ್ನನ್ನೂ ಜೊತೆಗೆ ಕೊಟ್ಟು ಅದರ ಅಳತೆಗೇ ಕೊರೆಸಿ.