ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕಂಚಿನ ಮೂರ್ತಿ, ಗಂಟೆ, ತೋಪು

ಈ ಸಲ ಬಂದ ಪತ್ರಗಳಲ್ಲಿ ಕಂಚಿನದೇ ಮೇಲುಗೈ. ಎರಕದ ಕೆಲಸವನ್ನೂ ಹಳೆಯ ಲೋಹದ ವಸ್ತುಗಳ ಆರೈಕೆಯನ್ನೂ ಬಲ್ಲವರು ಉತ್ತರಿಸಿದ್ದಾರೆ.

ನಮ್ಮೂರ ಗುಡಿಗೆ ಒಂದೂವರೆ ಅಡಿಯ ಪಂಚಲೋಹದ ಉತ್ಸವಮೂರ್ತಿ ಮಾಡಿಸಬೇಕೆಂದಿದ್ದೇವೆ. ಒಬ್ಬ ಎರಕದವರು 20 ಕೆ.ಜಿ. ಲೋಹ ಬೇಕೆಂದರು, ಇನ್ನೊಬ್ಬರು 35 ಎಂದರು. ಯಾರ ಮಾತು ನಂಬಬೇಕು? ಚಿನ್ನ ಎಷ್ಟು ಹಾಕಿಸಬೇಕು? — ಕುಷ್ಟಗಿ ತಾಲ್ಲೂಕಿನ ಓದುಗರು

ಇಬ್ಬರ ಮಾತೂ ಬೇಡ, ಮೇಣವನ್ನು ತೂಗಿಸಿ. ಮೂರ್ತಿಯನ್ನು ಮೊದಲು ಮೇಣದಲ್ಲಿ ಮಾಡುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಹರಿದುಹೋದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಜೇನುಮೇಣ ನೀರಿಗಿಂತ ತುಸು ಹಗುರ, ಕಂಚು (ತಾಮ್ರ, ತವರದ ಬೆರಕೆ) ನೀರಿನ 8.8 ಪಟ್ಟು ಭಾರ. ಹಾಗಾಗಿ ಗಟ್ಟಿ ಎರಕಕ್ಕೆ ಮೇಣದ ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು ಲೋಹ ಹಿಡಿಯುತ್ತದೆ. ಮೇಣದ ಮೂರ್ತಿ 2.2 ಕೆ.ಜಿ. ತೂಗಿದರೆ ಲೋಹದ ಮೂರ್ತಿ ಸುಮಾರು 20 ಕೆ.ಜಿ. ಲೋಹ ಹೊಯ್ಯುವ ನಾಳ ಮತ್ತು ಗಾಳಿ ಹೊರಹೋಗುವ ನಾಳಗಳನ್ನೂ ಮೇಣದಲ್ಲೇ ಮಾಡಿ ಕೂಡಿಸುತ್ತಾರೆ. ಅವನ್ನು ಕೂಡಿಸುವ ಮೊದಲೊಮ್ಮೆ, ಕೂಡಿಸಿದ ಮೇಲೊಮ್ಮೆ ತೂಗಿಸಿ ಬರೆದಿಟ್ಟುಕೊಳ್ಳಿ. ನಾಳದಲ್ಲಿ ಉಳಿದ ಲೋಹ ಕತ್ತರಿಸಿದ ಮೇಲೆ ನಿಮಗೆ ಮರಳಬೇಕಾದ ಲೋಹ. ಈ ಲೆಕ್ಕ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ವೂ ಮೇಣ ತೂಗಿಯೇ ಲೋಹದ ಪ್ರಮಾಣ ಗೊತ್ತುಮಾಡಬೇಕೆಂದು ಹೇಳುತ್ತದೆ. ನಿಮ್ಮ ಜಿಲ್ಲೆಯ ಇಟಗಿ ಮಹಾದೇವ ಗುಡಿ (1112) ಎದ್ದದ್ದೂ ಅದೇ ಮನೆತನದ ಆಳ್ವಿಕೆಯಲ್ಲಿ.

ಮೇಣ ಬರೀ ಜೇನುಮೇಣವಾಗಿರುವುದಿಲ್ಲ. ರಾಳ ಮತ್ತು ಒಂದಿಷ್ಟು ಶೇಂಗಾ ಎಣ್ಣೆ ಬೆರೆಸುತ್ತಾರೆ. ರಾಳ ಗಡಸು ಕೊಡುತ್ತದೆ, ಎಣ್ಣೆ ಮೆದು ಮಾಡುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಎಣ್ಣೆ ಹೆಚ್ಚಾದ ಮೇಣದ ಬೆರಳು, ಪ್ರಭಾವಳಿಯ ಎಳೆಗಳು ಮಧ್ಯಾಹ್ನಕ್ಕೇ ಬಾಗುತ್ತವೆ. ಬಾಗಿದ್ದು ಲೋಹದಲ್ಲೂ ಬಾಗಿಯೇ ಬರುತ್ತದೆ. ಬೇಸಿಗೆಯಲ್ಲಿ ರಾಳ ಹೆಚ್ಚಿಸಬೇಕು, ತಣ್ಣೀರಲ್ಲಿ ಅದ್ದುತ್ತಾ ಕೆಲಸ ಮಾಡಬೇಕು.

ಮೊದಲ ಮಣ್ಣಿನ ಲೇಪವೇ ಮುಖ್ಯ, ಕಣ್ಣುರೆಪ್ಪೆಯ ಗೆರೆ ಉಳಿಯುವುದೂ ಅಳಿಯುವುದೂ ಅದರಲ್ಲಿ. ನದಿಯ ನುಣ್ಣನೆಯ ಮೆಕ್ಕಲು ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸುಟ್ಟ ಭತ್ತದ ಹೊಟ್ಟಿನ ಪುಡಿ ಬೆರೆಸಿ, ಎರಡು ಮೂರು ಮಿ.ಮೀ. ದಪ್ಪಕ್ಕೆ ಬಳಿಯುತ್ತಾರೆ. ತುಂಗಭದ್ರೆಯ ದಂಡೆಯ ಮೆಕ್ಕಲು ಇದಕ್ಕೆ ಒದಗುತ್ತದೆ, ಹೊಲದ ಎರೆಮಣ್ಣು ಒದಗುವುದಿಲ್ಲ. ಒಣಗುವಾಗ ಅದು ಎಷ್ಟು ಕುಗ್ಗುತ್ತದೆಂದರೆ ಲೇಪವೇ ಸೀಳುತ್ತದೆ, ಸೀಳಿನೊಳಗೆ ಲೋಹ ನುಗ್ಗಿ ಮೂರ್ತಿಯ ಮೈಮೇಲೆ ರೆಕ್ಕೆಯಂತೆ ಏಳುತ್ತದೆ. ಒಂದು ಲೇಪ ನೆರಳಲ್ಲಿ ಪೂರ್ತಿ ಒಣಗುವ ತನಕ ಮುಂದಿನದು ಬೇಡ. ಆಮೇಲಿನ ಲೇಪಗಳಲ್ಲಿ ಮರಳು ಹೆಚ್ಚು, ಹೊರಗೆ ಕಬ್ಬಿಣದ ತಂತಿಯ ಬಿಗಿ.

ಕೆಡುವುದು ಎಲ್ಲಿ? ಬಹುಪಾಲು ಮೂರು ಕಡೆ. ಅಚ್ಚಿನಲ್ಲಿ ಹಸಿ ಉಳಿದರೆ ಬಿಸಿಲೋಹ ತಾಗಿದ ಕೂಡಲೆ ಆವಿಯಾಗಿ ಮೈತುಂಬ ಸೂಜಿತೂತು ಬೀಳುತ್ತವೆ, ಹಸಿ ಜಾಸ್ತಿಯಿದ್ದರೆ ಲೋಹ ಮೇಲಕ್ಕೆ ಸಿಡಿಯುತ್ತದೆ. ಅಚ್ಚು ತಣ್ಣಗಿದ್ದರೆ ಲೋಹ ಬೆರಳ ತುದಿ ಮುಟ್ಟುವ ಮೊದಲೇ ಗಟ್ಟಿಯಾಗಿ ಕೈ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಅಚ್ಚನ್ನು ಕೆಂಪಗೆ ಕಾಯಿಸಿ, ಗುಂಡಿಯಲ್ಲಿ ಹೂತು, ಆರುವ ಮೊದಲೇ ಹೊಯ್ಯುವುದು. ಮೂರನೆಯದು ದಪ್ಪ ಜಾಗ: ತೊಡೆ, ಪೀಠ ಕೊನೆಗೆ ಗಟ್ಟಿಯಾಗುತ್ತವೆ, ಗಟ್ಟಿಯಾಗುವಾಗ ಕುಗ್ಗಿ ಕುಳಿ ಬೀಳುತ್ತವೆ. ದಪ್ಪ ಜಾಗಕ್ಕೇ ದಪ್ಪ ನಾಳ ಕೊಟ್ಟರೆ ಅಲ್ಲಿಂದ ಲೋಹ ಇಳಿದು ತುಂಬಿಕೊಳ್ಳುತ್ತದೆ.

ಲೋಹ ಕರಗಿಸುವುದರಲ್ಲೂ ಕ್ರಮ ಉಂಟು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ 232ರಲ್ಲೇ. ಮೊದಲು ತಾಮ್ರವನ್ನು ಇದ್ದಲಿನ ಹೊದಿಕೆಯಡಿ ಕರಗಿಸಿ ತವರವನ್ನು ಕೊನೆಗೆ ಹಾಕಬೇಕು, ಇಲ್ಲವಾದರೆ ತವರ ಗಾಳಿಯೊಂದಿಗೆ ಸೇರಿ ಬೂದಿಯಾಗಿ ತೇಲುತ್ತದೆ. ಸೀಸ ಕಂಚಿನಲ್ಲಿ ಬೆರೆಯದೆ ತಳಕ್ಕಿಳಿಯುವುದರಿಂದ ಹೊಯ್ಯುವ ಮುಂಚೆ ಚೆನ್ನಾಗಿ ಕಲಕಬೇಕು. ಮೂರ್ತಿಗೆ ತವರ ನೂರಕ್ಕೆ 8ರಿಂದ 10 ಸಾಕು. 15 ದಾಟಿದರೆ ಉಳಿಯ ಏಟಿಗೆ ಚೂರು ಹಾರುತ್ತದೆ.

ಇನ್ನು ಚಿನ್ನ. ಈಗ ಪಂಚಲೋಹವೆಂದು ಕೊಡುವುದು ಹೆಚ್ಚಾಗಿ ತಾಮ್ರ, ಹಿತ್ತಾಳೆ, ಸೀಸ. ಚಿನ್ನ, ಬೆಳ್ಳಿ ಚಿಟಿಕೆಯಷ್ಟು. ಆ ಚಿಟಿಕೆಯಿಂದ ಎರಕ ಸುಧಾರಿಸುವುದೂ ಇಲ್ಲ, ಕೆಡುವುದೂ ಇಲ್ಲ. ಸಂಪ್ರದಾಯಕ್ಕೆಂದು ಒಂದೆರಡು ಗ್ರಾಂ ಹಾಕಿಸುವುದಾದರೆ ಕಮಿಟಿಯವರ ಕಣ್ಣೆದುರೇ ಮೂಸೆಗೆ ಬೀಳಲಿ. 'ಚಿನ್ನ ಹೆಚ್ಚಾದರೆ ಕಳೆ ಹೆಚ್ಚು' ಎಂಬ ಮಾತಿಗೆ ಹಣ ಸುರಿಯಬೇಡಿ. ಲೋಹದ ಬಗ್ಗೆ ಅನುಮಾನವಿದ್ದರೆ ಕತ್ತರಿಸಿದ ನಾಳದ ತುಂಡೊಂದನ್ನು ಲೋಹ ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಡಿ, ಮೂರ್ತಿಯನ್ನು ಕೆರೆಯುವ ಅಗತ್ಯವಿಲ್ಲ.

ಮನೆತನದ ಹಳೆಯ ಕಂಚಿನ ಮೂರ್ತಿ ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತೇವೆ. ಎರಡು ವರ್ಷದಿಂದ ಅಲ್ಲಲ್ಲಿ ತಿಳಿಹಸಿರು ಪುಡಿ ಏಳುತ್ತಿದೆ, ತೆಗೆದರೂ ಮತ್ತೆ ಬರುತ್ತದೆ. — ಸಿಂಧನೂರು

ಮೊದಲು ಉಪ್ಪು ನಿಲ್ಲಿಸಿ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ, ಉಪ್ಪಿನ ಕ್ಲೋರೈಡ್ ಸಣ್ಣ ತೂತುಗಳಲ್ಲಿ ಇಳಿದು ತಾಮ್ರದೊಂದಿಗೆ ಕೂಡುತ್ತದೆ. ಗಾಳಿಯ ತೇವ ತಾಗಿದಾಗ ಅದು ಒಡೆದು ಆಮ್ಲ ಬಿಡುತ್ತದೆ, ಆಮ್ಲ ಇನ್ನಷ್ಟು ತಾಮ್ರ ತಿನ್ನುತ್ತದೆ, ಮತ್ತೆ ಅದೇ ಸುತ್ತು. ಇದನ್ನು ಕಂಚಿನ ರೋಗ ಎನ್ನುತ್ತಾರೆ. ನಿಮ್ಮ ಭಾಗದಲ್ಲಿ ಸವಳು ನೀರಿನ ಕಾಟ ಬೇರೆ: ಅಭಿಷೇಕದ ಕೊನೆಗೆ ಅಂಥ ಬೋರ್‌ವೆಲ್ ನೀರಲ್ಲಿ ತೊಳೆದರೂ ಕ್ಲೋರೈಡ್ ಉಳಿಯುತ್ತದೆ.

ಹಸಿರೆಲ್ಲ ರೋಗವಲ್ಲ. ನುಣುಪಾಗಿ, ಗಟ್ಟಿಯಾಗಿ ಅಂಟಿರುವ ಕಡುಹಸಿರು ಅಥವಾ ಕಂದು ಪದರ ಲೋಹವನ್ನು ಕಾಯುತ್ತದೆ, ಅದನ್ನು ಮುಟ್ಟಬೇಡಿ. ಉಗುರಿಗೆ ಉದುರುವ ತಿಳಿಹಸಿರು ಪುಡಿಯೇ ಅಪಾಯದ್ದು. ಖಚಿತಪಡಿಸಿಕೊಳ್ಳಲು ಪುಡಿಯನ್ನು ಬಿದಿರ ಕಡ್ಡಿಯಿಂದ ತೆಗೆದು, ಮೂರ್ತಿಯನ್ನು ಒದ್ದೆ ಹತ್ತಿಯ ಜೊತೆ (ತಾಗಿಸದೆ) ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ಮತ್ತೆ ಪುಡಿ ಕಂಡರೆ ರೋಗ ಜೀವಂತವಾಗಿದೆ.

ಮನೆಯಲ್ಲಿ ಮಾಡಬಹುದಾದದ್ದು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ, ಕೆಲವು ದಿನ ಬಿಡಿ. ಬಳಿಕ ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಒಳಗಿನ ತೇವ ನೂರಕ್ಕೆ 40ರ ಆಸುಪಾಸಿಗಿಳಿದರೆ ರೋಗ ಮಲಗುತ್ತದೆ, ಆದರೆ ವಾಸಿಯಾಗುವುದಿಲ್ಲ. ತಾಮ್ರದ ಮೇಲೆ ಕಾವಲು ಪದರ ಕಟ್ಟುವ ಬೆಂಜೋಟ್ರಯಜೋಲ್ ಉಪಚಾರ ಬೇಕಿದ್ದರೆ ವಸ್ತುಸಂಗ್ರಹಾಲಯದ ಸಂರಕ್ಷಕರೇ ಮಾಡಲಿ, ಆ ರಾಸಾಯನಿಕ ಮೈಗೆ ಒಳ್ಳೆಯದಲ್ಲ. ಮೂರ್ತಿ ನೂರು ವರ್ಷ ಮೀರಿದ್ದಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೋಂದಣಿಯೂ ಆಗಬೇಕು. 'ಕರಗಿಸಿ ಹೊಸದು ಮಾಡಿಸಿ' ಎನ್ನುವವರ ಮಾತನ್ನಂತೂ ಕೇಳಲೇಬೇಡಿ.

ನಮ್ಮ ಮಠದ ಗಂಟಿ ಸೀಳೈತಿ, ದನಿ ಬರವಲ್ದು. ವೆಲ್ಡಿಂಗ್ ಮಾಡಿಸಿದ್ರ ಸರಿ ಆಗ್ತೈತೇನ್ರಿ? — ಸಿರುಗುಪ್ಪ

ಆಗುವುದು ಅಪರೂಪ. ಗಂಟೆಯ ಕಂಚಿನಲ್ಲಿ ತವರ ನೂರಕ್ಕೆ 20ರಿಂದ 22ರಷ್ಟು, ಆ ಗಡಸುತನದಿಂದಲೇ ದನಿ ಬಹಳ ಹೊತ್ತು ನಿಲ್ಲುವುದು. ಅದೇ ಕಾರಣಕ್ಕೆ ಒಂದೇ ಜಾಗಕ್ಕೆ ಕಾವು ಕೊಟ್ಟರೆ ಪಕ್ಕದಲ್ಲಿ ಹೊಸ ಸೀಳು ಬೀಳುತ್ತದೆ. ಸೀಳಿನ ತುದಿಯಲ್ಲಿ ಸಣ್ಣ ತೂತು ಕೊರೆಸಿದರೆ ಅದು ಬೆಳೆಯುವುದು ನಿಲ್ಲಬಹುದು, ದನಿ ಮರಳುವುದಿಲ್ಲ. ದನಿಯೇ ಬೇಕಿದ್ದರೆ, ಗಂಟೆ ಹಳೆಯದಲ್ಲದಿದ್ದರೆ, ಕರಗಿಸಿ ಮತ್ತೆ ಎರಕ ಹೊಯ್ಸಬೇಕು. ಕರಗುವಾಗ ಸುಟ್ಟುಹೋಗುವ ತವರವನ್ನು ತುಂಬಿಕೊಡಬೇಕು. ಹೊಸ ಗಂಟೆಯ ನಾಲಿಗೆ ಮೆದು ಕಬ್ಬಿಣದ್ದಿರಲಿ. ಒಂದೇ ಜಾಗಕ್ಕೆ ವರ್ಷಾನುಗಟ್ಟಲೆ ಬಡಿದದ್ದೇ ಸಾಮಾನ್ಯವಾಗಿ ಸೀಳಿಗೆ ಕಾರಣ, ಆಗಾಗ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಕಟ್ಟಿ. ಅಂಗಡಿಯಲ್ಲಿ ಸಿಗುವ ಹಳದಿ ಗಂಟೆಗಳು ಬಹುಪಾಲು ಹಿತ್ತಾಳೆ, ಬಡಿದರೆ ದನಿ ಬೇಗ ಸಾಯುತ್ತದೆ.

ರಾಯಚೂರು ಕೋಟೆಯ ಮೇಲಿನ ಉದ್ದ ತೋಪು ಕಬ್ಬಿಣದ್ದು, ವಿಜಯಪುರದ ಮಲಿಕ್-ಎ-ಮೈದಾನ್ ಕಂಚಿನದು. ಈ ವ್ಯತ್ಯಾಸ ಏಕೆ? — ರಾಯಚೂರಿನ ವಿದ್ಯಾರ್ಥಿ

ಆಗಿನ ಕುಲುಮೆಗಳಲ್ಲಿ ಕಬ್ಬಿಣವನ್ನು ಕರಗಿಸಿ ದೊಡ್ಡ ತೋಪು ಹೊಯ್ಯಲಾಗುತ್ತಿರಲಿಲ್ಲ. ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕೆಂಪಗೆ ಕಾಯಿಸಿದ ಬಳೆಗಳನ್ನು ಮೇಲೆ ತೊಡಿಸಿ ಬಡಿಯುತ್ತಿದ್ದರು. ಬೆಸುಗೆ ಸೋತ ಕಡೆ ಕಬ್ಬಿಣದ ತೋಪು ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ. ಸಾಮಾನ್ಯ ತೋಪಿನ ಕಂಚು ಸಿಡಿಯುವ ಮೊದಲು ಉಬ್ಬುತ್ತದೆ, ತೋಪು ಹಾರಿಸುವ ಗೋಲಂದಾಜನಿಗೆ ಗೊತ್ತಾಗುತ್ತದೆ. ಆದರೆ ತಾಮ್ರ, ತವರ ದುಬಾರಿ. ಕಬ್ಬಿಣದ ಅದಿರು ಮಾತ್ರ ಸಂಡೂರಿನ ಬೆಟ್ಟದಲ್ಲಿ ಬೇಕಾದಷ್ಟು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಸುಮಾರು 55 ಟನ್ ತೂಗುತ್ತದೆ. ಅಷ್ಟು ಕಂಚನ್ನು ಒಂದೇ ತೋಪಿಗೆ ಸುರಿಯುವುದು ದೊಡ್ಡ ಸುಲ್ತಾನರಿಗಷ್ಟೇ ಸಾಧ್ಯ.

ನಮ್ಮ ಭಾಗದಲ್ಲಿ ಕಂಚಿನ ಯುಗ ಇತ್ತೇ? — ಬಳ್ಳಾರಿ

ಸಿಂಧೂ ಕಣಿವೆಯಲ್ಲಿದ್ದಂತೆ ಇರಲಿಲ್ಲ. ಮೊಹೆಂಜೊದಾರೊದ 10.5 ಸೆಂ.ಮೀ. ಎತ್ತರದ ನರ್ತಕಿ 1926ರಲ್ಲಿ ಸಿಕ್ಕಳು, ಅವಳೂ ಮೇಣದ ಎರಕದವಳೇ. ಇಲ್ಲಿ ಮಾತ್ರ ಜನ ನವಶಿಲಾಯುಗದ ಕಲ್ಲಿನ ಕೊಡಲಿಯಿಂದ ಹೆಚ್ಚುಕಡಿಮೆ ನೇರ ಕಬ್ಬಿಣಕ್ಕೆ ದಾಟಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಉತ್ಖನನದಲ್ಲಿ ಕಲ್ಲಿನ ಆಯುಧಗಳ ಜೊತೆ ತಾಮ್ರದ ಕೆಲವೇ ವಸ್ತುಗಳು, ಒಂದಿಷ್ಟು ಚಿನ್ನ ಸಿಕ್ಕಿವೆ. ಕಂಚಿನ ಮೂರ್ತಿಗಳು ನಮ್ಮ ಗುಡಿಗಳಿಗೆ ಬಂದದ್ದು ಬಹಳ ತಡವಾಗಿ, ಗರ್ಭಗುಡಿಯ ಕಲ್ಲಿನ ದೇವರನ್ನು ಹೊತ್ತು ಮೆರೆಸಲಾಗದೆ ಮೆರವಣಿಗೆಗೆ ಬೇರೆ ಮೂರ್ತಿ ಬೇಕಾದಾಗ.